ಚೀಲವಿಲ್ಲದ ನಿಲುವು ವ್ಯಾಕ್ಯೂಮ್ ಕ್ಲೀನರ್: ಧಾರಾವಿಯ ಮನೆಗಳ ಅಳತೆಯಲ್ಲಿ

ನೆಲಕ್ಕೆ ತಾಗುವ ಹೀರುಬಾಯಿ, ಅದರ ಮೇಲೆ ಮೋಟರು, ಧೂಳಿನ ಡಬ್ಬಿ, ತುದಿಯಲ್ಲಿ ಹಿಡಿಕೆ: ಇಷ್ಟೂ ಒಂದೇ ಕಂಬದಲ್ಲಿ ಕೂಡಿಕೊಂಡು, ನಿಂತುಕೊಂಡೇ ತಳ್ಳುತ್ತ ಎಳೆಯುತ್ತ ಬಳಸುವ ಯಂತ್ರವೇ ನಿಲುವು ವ್ಯಾಕ್ಯೂಮ್ ಕ್ಲೀನರ್. ಹೀರಿದ ಧೂಳು ಕಾಗದದ ಅಥವಾ ಬಟ್ಟೆಯ ಚೀಲದಲ್ಲಿ ತುಂಬಿಕೊಳ್ಳುವ ಬದಲು ಡಬ್ಬಿಯೊಳಗೆ ಗಾಳಿಯ ಸುಳಿಗೆ ಸಿಕ್ಕಿ ತಳಕ್ಕೆ ಬಿದ್ದರೆ ಅದು ಚೀಲವಿಲ್ಲದ ಬಗೆ. ಅಮೆರಿಕ ಮತ್ತು ಬ್ರಿಟನ್ನಿನ ರತ್ನಗಂಬಳಿ ಹಾಸಿದ ಮನೆಗಳಿಗಾಗಿ ಬೆಳೆದ ಈ ವಿನ್ಯಾಸ ಈಗ ಹಗುರವಾದ ಬ್ಯಾಟರಿ ಯಂತ್ರಗಳ ರೂಪದಲ್ಲಿ ಭಾರತದ ಚಿಕ್ಕ ಮನೆಗಳಿಗೂ ಬಂದಿದೆ. ಅಂಥ ಯಂತ್ರವನ್ನು ಮುಂಬಯಿಯ ಧಾರಾವಿಯ ಹತ್ತಡಿ ಅಗಲದ ಖೋಲಿಯಲ್ಲಿ (ಕೋಣೆಯಲ್ಲಿ) ಹೇಗೆ ತೂಗಿ ನೋಡಬೇಕು ಎಂಬುದು ಈ ಲೇಖನದ ವಿಷಯ. ಕೊಳ್ಳುವವರು ಸಾಮಾನ್ಯವಾಗಿ ಯಂತ್ರ ಎಷ್ಟು ಜೋರಾಗಿ ಹೀರುತ್ತದೆ ಎಂದು ಕೇಳುತ್ತಾರೆ. ಅದಕ್ಕಿಂತ ಮುಖ್ಯವಾದ ಪ್ರಶ್ನೆ, ಹೀರಿದ ಧೂಳು ಕೊನೆಗೆ ಎಲ್ಲಿಗೆ ಹೋಗುತ್ತದೆ ಎಂಬುದು. ಆರು ಜನ ಒಂದೇ ಕೋಣೆಯಲ್ಲಿ ಉಣ್ಣುವ, ಮಲಗುವ, ದುಡಿಯುವ ಮನೆಯಲ್ಲಿ ಉಳಿದೆಲ್ಲ ಗುಣಗಳೂ ಇದರ ನಂತರ ಬರುತ್ತವೆ.

ಕರವಸ್ತ್ರದಿಂದ ಸುಳಿಗಾಳಿಯವರೆಗೆ

1901ರಲ್ಲಿ ಲಂಡನ್ನಿನ ಎಂಪೈರ್ ಮ್ಯೂಸಿಕ್ ಹಾಲ್‌ನಲ್ಲಿ ಧೂಳು ಊದಿ ಹಾರಿಸುವ ಯಂತ್ರವೊಂದರ ಪ್ರದರ್ಶನ ನಡೆಯಿತು. ಅದನ್ನು ಕಂಡ ಸೇತುವೆ ಎಂಜಿನಿಯರ್ ಹ್ಯೂಬರ್ಟ್ ಸೆಸಿಲ್ ಬೂತ್, ಊದುವ ಬದಲು ಹೀರಬಾರದೇಕೆ ಎಂದು ಯೋಚಿಸಿದ. ಹೋಟೆಲೊಂದರಲ್ಲಿ ಕುರ್ಚಿಯ ಮೆತ್ತೆಯ ಮೇಲೆ ಕರವಸ್ತ್ರ ಹಾಸಿ, ಅದಕ್ಕೆ ಬಾಯಿಟ್ಟು ಜೋರಾಗಿ ಉಸಿರೆಳೆದ. ಕರವಸ್ತ್ರದ ಅಡಿಭಾಗದಲ್ಲಿ ಕರಿಯ ಕಲೆ ಮೂಡಿತ್ತು. ಅವನು ಕಟ್ಟಿದ ಯಂತ್ರ ಮನೆಯೊಳಗೆ ಹಿಡಿಸುವಂಥದ್ದಾಗಿರಲಿಲ್ಲ. ಕುದುರೆ ಗಾಡಿಯ ಮೇಲೆ ಪಂಪು ಬೀದಿಗೆ ಬಂದು ನಿಲ್ಲುತ್ತಿತ್ತು, ಕಿಟಕಿಗಳ ಮೂಲಕ ಉದ್ದನೆಯ ಹೋಸ್ ಪೈಪುಗಳು ಒಳಗೆ ಹೋಗುತ್ತಿದ್ದವು. 1902ರಲ್ಲಿ ಏಳನೆಯ ಎಡ್ವರ್ಡ್ ದೊರೆಯ ಪಟ್ಟಾಭಿಷೇಕಕ್ಕೆ ಮುನ್ನ ವೆಸ್ಟ್‌ಮಿನ್‌ಸ್ಟರ್ ಅಬೆಯ ಗಂಬಳಿಗಳನ್ನು ಶುಚಿ ಮಾಡಿದ್ದು ಇದೇ ಯಂತ್ರ.

ನಿಲುವು ಯಂತ್ರದ ಮೂಲಪುರುಷ ಒಬ್ಬ ಜಾಡಮಾಲಿ. ಅಮೆರಿಕದ ಓಹಾಯೊ ರಾಜ್ಯದ ಕ್ಯಾಂಟನ್ ಊರಿನ ಅಂಗಡಿಯೊಂದರಲ್ಲಿ ಕಸ ಗುಡಿಸುತ್ತಿದ್ದ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್‌ಗೆ ಆಸ್ತಮಾ ಇತ್ತು. ಗುಡಿಸಿದಾಗ ಏಳುವ ಧೂಳಿಗೆ ಉಸಿರು ಕಟ್ಟುತ್ತಿತ್ತು. ಅವನು ಫ್ಯಾನಿನ ಮೋಟರು, ಪೊರಕೆಯ ಕೋಲು, ದಿಂಬಿನ ಗವಸು ಇವುಗಳನ್ನೆಲ್ಲ ಜೋಡಿಸಿ ಯಂತ್ರ ಮಾಡಿದ, 1908ರಲ್ಲಿ ಪೇಟೆಂಟ್ ಪಡೆದ. ಆ ಹಕ್ಕನ್ನು ಕೊಂಡವನು ಕುದುರೆಯ ಜೀನು, ಲಗಾಮು ಮುಂತಾದ ಚರ್ಮದ ಸಾಮಾನು ತಯಾರಿಸುತ್ತಿದ್ದ ವಿಲಿಯಂ ಹೂವರ್. ಗಂಟೆಗಟ್ಟಲೆ ಗುಡಿಸಿ ಎದೆ ಕೆಡಿಸಿಕೊಂಡ ಕೂಲಿಯವನ ಅನುಭವ, ಚರ್ಮದ ಕಾರ್ಖಾನೆಯ ಬಂಡವಾಳ: ಈ ಎರಡೂ ಧಾರಾವಿಗೆ ಚೆನ್ನಾಗಿ ಗೊತ್ತಿರುವ ಸಂಗತಿಗಳು.

ದಿಂಬಿನ ಗವಸಿನ ತೊಂದರೆ ಚೀಲದ ಯಂತ್ರಗಳಿಗೆಲ್ಲ ಅಂಟಿಕೊಂಡೇ ಬಂತು. ಚೀಲದ ಸಣ್ಣ ರಂಧ್ರಗಳೇ ಗಾಳಿಗೆ ಹೊರದಾರಿ. ಅವು ನಯವಾದ ಧೂಳಿನಿಂದ ಮುಚ್ಚಿಕೊಂಡಷ್ಟೂ ಹೀರುವ ಬಲ ಕುಗ್ಗುತ್ತದೆ. ಮರ ಕೊಯ್ಯುವ ಗಿರಣಿಗಳಲ್ಲಿ ಹೊಟ್ಟು ಬೇರ್ಪಡಿಸಲು ಬಳಸುತ್ತಿದ್ದ ದೊಡ್ಡ ಸುಳಿಗಾಳಿ ಶಂಕುವನ್ನು ಮನೆಯ ಯಂತ್ರದೊಳಗೆ ಇಳಿಸಬಹುದೇ ಎಂದು ಇಂಗ್ಲೆಂಡಿನ ಜೇಮ್ಸ್ ಡೈಸನ್ 1970ರ ದಶಕದ ಕೊನೆಯಲ್ಲಿ ಪ್ರಯೋಗಕ್ಕೆ ಇಳಿದರು. 5,127 ಮಾದರಿಗಳ ನಂತರ ಅದು ಕೈಗೂಡಿತು. ಅವರ ಸ್ವಂತ ಕಂಪನಿಯ ಮೊದಲ ನಿಲುವು ಯಂತ್ರ ಡಿಸಿ01 1993ರಲ್ಲಿ ಮಾರುಕಟ್ಟೆಗೆ ಬಂತು.

ಭಾರತದಲ್ಲಿ ಮನೆಮನೆಗೆ ವ್ಯಾಕ್ಯೂಮ್ ಕ್ಲೀನರ್ ಪರಿಚಯಿಸಿದ ಕೀರ್ತಿ 1982ರಲ್ಲಿ ಸ್ವೀಡನ್ನಿನ ಎಲೆಕ್ಟ್ರೋಲಕ್ಸ್ ಜೊತೆಗೂಡಿ ಆರಂಭವಾದ ಯುರೇಕಾ ಫೋರ್ಬ್ಸ್‌ನದು. ಟೈ ಕಟ್ಟಿದ ಮಾರಾಟಗಾರ ಬಾಗಿಲು ತಟ್ಟಿ, ಗಾದಿಯ ಮೇಲೆ ಯಂತ್ರ ಆಡಿಸಿ, ಬಟ್ಟೆಯ ತುಂಡಿನಲ್ಲಿ ಕೂತ ಬೂದುಬಣ್ಣದ ಧೂಳನ್ನು ತೋರಿಸುತ್ತಿದ್ದುದು ಮುಂಬಯಿಯ ಮಧ್ಯಮ ವರ್ಗಕ್ಕೆ ನೆನಪಿದೆ. ಆ ಯಂತ್ರಗಳು ಹೆಚ್ಚಾಗಿ ನೆಲದ ಮೇಲೆ ಹಿಂದೆ ಹಿಂದೆ ಎಳೆದೊಯ್ಯುವ ಡಬ್ಬದ ಆಕಾರದವು. ನಿಜವಾದ ನಿಲುವು ಯಂತ್ರ ಇಲ್ಲಿ ಇಂದಿಗೂ ಅಪರೂಪ. ನಿಲುವು ಎಂಬ ಹೆಸರಿನಲ್ಲಿ ಅಂಗಡಿಯಲ್ಲಿ ಸಿಗುವುದು ಬಹುಮಟ್ಟಿಗೆ ಕೋಲಿನಂಥ ತೆಳ್ಳನೆಯ, ಒಂದೂವರೆಯಿಂದ ಮೂರು ಕಿಲೋ ತೂಗುವ ಯಂತ್ರ.

ಧಾರಾವಿಯ ಧೂಳು

ಮಾಹಿಮ್ ಮತ್ತು ಸಯನ್ ರೈಲು ನಿಲ್ದಾಣಗಳ ನಡುವೆ, ಮೀಠಿ ನದಿಯ ದಂಡೆಗೆ ಒತ್ತಿಕೊಂಡು, ಎರಡೂಕಾಲು ಚದರ ಕಿಲೋಮೀಟರಿನ ಆಸುಪಾಸಿನಲ್ಲಿ ಹಬ್ಬಿರುವ ಧಾರಾವಿ ಮೂಲತಃ ಕೋಳಿ ಸಮುದಾಯದ ಮೀನುಗಾರರ ಊರು. ಸೌರಾಷ್ಟ್ರದ ಕುಂಬಾರರು, ತಿರುನೆಲ್ವೇಲಿಯ ಚರ್ಮ ಹದಮಾಡುವವರು, ಉತ್ತರ ಪ್ರದೇಶದ ಜರಿ ಕೆಲಸಗಾರರು ಒಂದೊಂದು ಕಾಲದಲ್ಲಿ ಬಂದು ನೆಲೆಸಿದರು. ಕಲಬುರಗಿ, ವಿಜಯಪುರ ಕಡೆಯಿಂದ ಕೂಲಿಗೆ ಬಂದ ಕನ್ನಡ ಕುಟುಂಬಗಳೂ ಮುಂಬಯಿಯ ಇಂಥ ಬಸ್ತಿಗಳಲ್ಲಿವೆ. ಮುಂಬಯಿ ಮಹಾನಗರಪಾಲಿಕೆ ಶಾಲೆ ನಡೆಸುವ ಎಂಟು ಮಾಧ್ಯಮಗಳಲ್ಲಿ ಕನ್ನಡವೂ ಒಂದು.

ಇಲ್ಲಿನ ಮನೆಯನ್ನೂ ಕಾರ್ಖಾನೆಯನ್ನೂ ಬೇರೆ ಮಾಡಿ ನೋಡಲಾಗದು. ಕೆಳಗೆ ಹೊಲಿಗೆ ಯಂತ್ರ, ಮೇಲೆ ಸಂಸಾರ. ಅಥವಾ ಹಗಲಲ್ಲಿ ಜೀನ್ಸಿನ ದಾರ ಕತ್ತರಿಸುವ ಜಾಗವೇ ರಾತ್ರಿ ಹಾಸಿಗೆ ಬಿಡಿಸುವ ಜಾಗ. ಹೀಗಾಗಿ ಧಾರಾವಿಯಲ್ಲಿ ಧೂಳು ಎಂದರೆ ಯಾವ ಗಲ್ಲಿಯ ಧೂಳು ಎಂದು ಕೇಳಬೇಕಾಗುತ್ತದೆ. ಕುಂಬಾರರ ಕೇರಿಯಾದ ಕುಂಭಾರವಾಡದಲ್ಲಿ ಆವಿಗೆಗೆ ಹತ್ತಿಯ ಚಿಂದಿಯನ್ನು ಉರಿಸುವುದರಿಂದ ಸುತ್ತಲ ಮನೆಗಳ ಕಪಾಟಿನ ಮೇಲೆ ಕರಿಮಸಿ ಕೂರುತ್ತದೆ, ಅದರ ಜೊತೆಗೆ ಒಣಮಣ್ಣಿನ ಹಿಟ್ಟು. ಚಮಡಾ ಬಜಾರಿನ ಹಿಂದಿನ ಕೋಣೆಗಳಲ್ಲಿ ತೊಗಲು ಉಜ್ಜಿದ ಪುಡಿ, ಅಂಟಿನ ವಾಸನೆ. ಹೊಲಿಗೆ ಗಲ್ಲಿಗಳಲ್ಲಿ ಹತ್ತಿಯ ನವಿರು ಜುಂಗು. ಮಾಹಿಮ್ ಕಡೆಯ ಅಂಚಿನಲ್ಲಿರುವ ತೇರಾ ಕಂಪೌಂಡಿನಲ್ಲಿ ಹಳೆಯ ಪ್ಲಾಸ್ಟಿಕ್ಕನ್ನು ಪುಡಿ ಮಾಡುವ ಗಿರಣಿಗಳಿಂದ ಬಣ್ಣಬಣ್ಣದ ನುಣುಪು ಪುಡಿ ಹಾರುತ್ತದೆ, ಬಣ್ಣದ ಡಬ್ಬಗಳನ್ನು ಕೆರೆದು ಸುಟ್ಟು ಮರುಬಳಕೆಗೆ ಸಿದ್ಧಮಾಡುವ ಜಾಗಗಳಿಂದ ಬಣ್ಣದ ಚಕ್ಕೆ. ಇವೆಲ್ಲದರ ಮೇಲೆ 90 ಅಡಿ ರಸ್ತೆ ಮತ್ತು 60 ಅಡಿ ರಸ್ತೆಯ ವಾಹನಗಳ ಧೂಳು, ಅಡುಗೆಯ ಎಣ್ಣೆ ಜಿಡ್ಡು.

ವ್ಯಾಕ್ಯೂಮ್ ಕ್ಲೀನರಿಗೆ ಇವೆಲ್ಲ ಒಂದೇ ಅಲ್ಲ. ಕೂದಲಿನ ದಪ್ಪ 50ರಿಂದ 70 ಮೈಕ್ರಾನ್. ಮಣ್ಣಿನ ಕಣ, ಜುಂಗು, ಪ್ಲಾಸ್ಟಿಕ್ ಚೂರು ಹತ್ತಾರು ಮೈಕ್ರಾನಿನವು, ಸುಲಭವಾಗಿ ಸಿಕ್ಕಿಬೀಳುತ್ತವೆ. ಹೊಗೆಯ ಮಸಿ ಒಂದು ಮೈಕ್ರಾನಿಗಿಂತಲೂ ಸಣ್ಣದು. ಗಾಳಿಯಲ್ಲಿ ತೇಲುವ ಮಸಿಯ ಮೇಲೆ ಯಂತ್ರಕ್ಕೆ ಹಿಡಿತವಿಲ್ಲ, ಕೆಳಗೆ ಕೂತ ಮೇಲಷ್ಟೇ ಅದನ್ನು ಎತ್ತಬಲ್ಲದು. ಎಣ್ಣೆಯ ಜಿಡ್ಡಿನೊಂದಿಗೆ ಕಪಾಟಿಗೆ ಮೆತ್ತಿಕೊಂಡ ಮಸಿಯನ್ನಂತೂ ಎಷ್ಟು ದುಬಾರಿಯ ಯಂತ್ರವೂ ತೆಗೆಯಲಾರದು. ಅದಕ್ಕೆ ಸೋಪಿನ ನೀರು, ಬಟ್ಟೆಯೇ ಆಗಬೇಕು. ಕೊಳ್ಳುವ ಮುನ್ನ ತನ್ನ ಮನೆಯ ಧೂಳು ಯಾವ ಜಾತಿಯದು ಎಂದು ಬೆರಳಿನಿಂದ ಒರೆಸಿ ನೋಡುವುದು ಒಳ್ಳೆಯದು. ಬೆರಳಿಗೆ ಅಂಟಿದರೆ ಜಿಡ್ಡು, ಊದಿದಾಗ ಹಾರಿದರೆ ಯಂತ್ರದ ಪಾಲು.

ಗಾದಿಯ ಮಾತು ಬೇರೆ. ಮುಂಬಯಿಯ ತೇವಕ್ಕೆ ಹತ್ತಿ ಗಾದಿ, ದಿಂಬುಗಳಲ್ಲಿ ಬರಿಗಣ್ಣಿಗೆ ಕಾಣದ ಧೂಳುಹುಳಗಳು ಚೆನ್ನಾಗಿ ಬೆಳೆಯುತ್ತವೆ. ನಮ್ಮ ಚರ್ಮದ ಹೊಟ್ಟೇ ಅವಕ್ಕೆ ಆಹಾರ. ಆಸ್ತಮಾ ಕೆರಳಿಸುವುದು ಮುಖ್ಯವಾಗಿ ಅವುಗಳ ಹಿಕ್ಕೆ. ಯಂತ್ರ ಗಾದಿಯ ಮೇಲ್ಮೈಯ ಹಿಕ್ಕೆಯನ್ನೂ ಹೊಟ್ಟನ್ನೂ ತೆಗೆಯುತ್ತದೆ, ಆದರೆ ಎಳೆಗಳಿಗೆ ಕಚ್ಚಿಕೊಂಡ ಜೀವಂತ ಹುಳ ಬಹುಪಾಲು ಹಾಗೇ ಉಳಿಯುತ್ತದೆ. ಹೊದಿಕೆಗಳನ್ನು ಬಿಸಿನೀರಿನಲ್ಲಿ ಒಗೆಯುವುದನ್ನೂ ಗಾದಿಯನ್ನು ಬಿಸಿಲಿಗೆ ಹಾಕುವುದನ್ನೂ ಯಂತ್ರ ಬಂದಿತೆಂದು ಬಿಡುವಂತಿಲ್ಲ.

ಯಂತ್ರದ ಒಳಗೆ

ಚೀಲವಿಲ್ಲದ ಯಂತ್ರದಲ್ಲಿ ಗಾಳಿ ದುಂಡನೆಯ ಡಬ್ಬಿಯನ್ನು ಓರೆಯಾಗಿ ಹೊಕ್ಕು ಗೋಡೆಗುಂಟ ಸುತ್ತುತ್ತದೆ. ತೂಕದ ಕಣಗಳು ಗೋಡೆಗೆ ಒತ್ತರಿಸಿ ಕೆಳಗೆ ಜಾರುತ್ತವೆ, ಗಾಳಿ ನಡುವಿನಿಂದ ಮೇಲೆ ಹೋಗುತ್ತದೆ. ಗಾಳಿಯ ವೇಗ ಸೆಕೆಂಡಿಗೆ 20 ಮೀಟರ್, ಸುಳಿಯ ತ್ರಿಜ್ಯ 10 ಸೆಂಟಿಮೀಟರ್ ಎಂದಿಟ್ಟುಕೊಂಡರೆ ಕಣದ ಮೇಲೆ ಬೀಳುವ ಒತ್ತರ ಭೂಮಿಯ ಸೆಳೆತದ 400 ಪಟ್ಟು. ಅದೇ ವೇಗಕ್ಕೆ ತ್ರಿಜ್ಯವನ್ನು ಒಂದೂವರೆ ಸೆಂಟಿಮೀಟರಿಗೆ ಇಳಿಸಿದರೆ ಅದು 2,700 ಪಟ್ಟು ದಾಟುತ್ತದೆ. ಒಳ್ಳೆಯ ಯಂತ್ರಗಳಲ್ಲಿ ಒಂದು ದೊಡ್ಡ ಸುಳಿಯ ಮೇಲೆ ಹತ್ತು ಹನ್ನೆರಡು ಪುಟ್ಟ ಶಂಕುಗಳ ಸಾಲು ಇರುವುದಕ್ಕೆ ಇದೇ ಕಾರಣ. ದೊಡ್ಡದು ಕಸವನ್ನು ಹಿಡಿಯುತ್ತದೆ, ಚಿಕ್ಕವು ನಯವಾದ ಧೂಳನ್ನು. ಅಗ್ಗದ ಯಂತ್ರಗಳಲ್ಲಿ ಡಬ್ಬಿ ಪಾರದರ್ಶಕವಾಗಿದ್ದರೂ ಒಳಗೆ ಸುಳಿಯೇ ಇರುವುದಿಲ್ಲ, ಒಂದು ಜಾಲರಿ, ಅದರೊಳಗೆ ಸ್ಪಂಜು, ಅಷ್ಟೆ. ಅಂಥದ್ದನ್ನು ಚೀಲವಿಲ್ಲದ ಯಂತ್ರ ಎನ್ನಬಹುದೇ ಹೊರತು ಸುಳಿಗಾಳಿಯ ಯಂತ್ರ ಎನ್ನುವುದು ತಪ್ಪು. ಅದರ ಸ್ಪಂಜು ಚೀಲದಷ್ಟೇ ಬೇಗ ಕಟ್ಟಿಕೊಳ್ಳುತ್ತದೆ.

ಸುಳಿಯಿಂದಲೂ ತಪ್ಪಿಸಿಕೊಂಡ ಅತಿ ಸಣ್ಣ ಕಣಗಳಿಗೆ ಮೋಟರಿನ ಮುಂದೊಂದು, ಗಾಳಿ ಹೊರಬೀಳುವಲ್ಲಿ ಇನ್ನೊಂದು ಫಿಲ್ಟರ್ ಇರಬೇಕು. ಎರಡನೆಯದು ಹೆಪಾ ಬಗೆಯದಾದರೆ ಉತ್ತಮ. ಅಮೆರಿಕದ ಅಳತೆಯಲ್ಲಿ ಹೆಪಾ ಎಂದರೆ 0.3 ಮೈಕ್ರಾನಿನ ಕಣಗಳಲ್ಲಿ 99.97 ಶೇಕಡವನ್ನು ಹಿಡಿಯುವ ಫಿಲ್ಟರ್. ಯುರೋಪಿನ ಎಚ್13 ದರ್ಜೆಯಲ್ಲಿ ಇದು 99.95 ಶೇಕಡ. 0.3 ಮೈಕ್ರಾನಿನ ಆಸುಪಾಸಿನ ಕಣವೇ ಹಿಡಿಯಲು ಅತಿ ಕಷ್ಟದ್ದು. ಅದಕ್ಕಿಂತ ದೊಡ್ಡವು ಎಳೆಗಳಿಗೆ ಬಡಿದು ನಿಲ್ಲುತ್ತವೆ, ಚಿಕ್ಕವು ಅತ್ತಿತ್ತ ತುಯ್ದಾಡುತ್ತ ತಾವಾಗಿಯೇ ಎಳೆಗೆ ಅಂಟುತ್ತವೆ. ಆದರೆ ಫಿಲ್ಟರಿನ ಮೇಲೆ ಹೆಪಾ ಎಂದು ಬರೆದಿದ್ದರೆ ಸಾಲದು. ಅದರ ಸುತ್ತಲಿನ ರಬ್ಬರ್ ಪಟ್ಟಿ ಸಡಿಲವಾಗಿದ್ದರೆ, ಡಬ್ಬಿಯ ಮುಚ್ಚಳದ ಜೋಡಣೆಯಲ್ಲಿ ಸಂದಿಯಿದ್ದರೆ, ಗಾಳಿ ಫಿಲ್ಟರನ್ನು ತಪ್ಪಿಸಿಕೊಂಡು ಹೊರಗೆ ನುಸುಳುತ್ತದೆ, ಧೂಳೂ ಅದರ ಬೆನ್ನಿಗೆ. ಇದನ್ನು ಮನೆಯಲ್ಲೇ ನೋಡಬಹುದು. ದೀಪ ಆರಿಸಿ, ಯಂತ್ರ ನಡೆಸುತ್ತ, ಗಾಳಿ ಹೊರಬರುವ ಕಡೆಗೂ ಡಬ್ಬಿಯ ಜೋಡಣೆಯ ಸುತ್ತಲೂ ಟಾರ್ಚಿನ ಬೆಳಕನ್ನು ಓರೆಯಾಗಿ ಬಿಟ್ಟರೆ ಹೊರಬರುವ ಧೂಳು ಮಿನುಗುತ್ತದೆ. ಬೂತ್‌ನ ಕರವಸ್ತ್ರವೂ ಇಲ್ಲಿ ಕೆಲಸಕ್ಕೆ ಬರುತ್ತದೆ: ಬಿಳಿ ಬಟ್ಟೆಯನ್ನು ಒದ್ದೆ ಮಾಡಿ ಗಾಳಿ ಹೊರಬರುವ ಬಾಯಿಯ ಮುಂದೆ ಸ್ವಲ್ಪ ದೂರದಲ್ಲಿ ಐದು ನಿಮಿಷ ಹಿಡಿದರೆ ಸಾಕು. ಮಾರಾಟಗಾರರು ಹೀರುವ ಕಡೆಯ ಬಟ್ಟೆಯನ್ನು ತೋರಿಸುತ್ತಾರೆ. ಕೊಳ್ಳುವವರು ಹೊರಬಿಡುವ ಕಡೆಯ ಬಟ್ಟೆಯನ್ನು ಕೇಳಬೇಕು.

ಪೆಟ್ಟಿಗೆಯ ಮೇಲಿನ ಅಂಕಿಗಳು

ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಬರೆಯುವ ವ್ಯಾಟ್ ಯಂತ್ರ ನುಂಗುವ ಕರೆಂಟನ್ನು ಹೇಳುತ್ತದೆಯೇ ಹೊರತು ಮಾಡುವ ಕೆಲಸವನ್ನಲ್ಲ. ಕಿಲೋಪಾಸ್ಕಲ್ ಎಂದು ಕೊಡುವ ಹೀರುವ ಒತ್ತಡವೂ ಅರ್ಧ ಸತ್ಯ. ಅದನ್ನು ಅಳೆಯುವುದು ಹೀರುಬಾಯಿಯನ್ನು ಪೂರ್ತಿ ಮುಚ್ಚಿ, ಗಾಳಿ ಒಂದಿಷ್ಟೂ ಹರಿಯದಿದ್ದಾಗ. ಕಸ ಎತ್ತಲು ಒತ್ತಡವೂ ಬೇಕು, ಹರಿವೂ ಬೇಕು. ಎರಡರ ಗುಣಲಬ್ಧವೇ ನಿಜವಾದ ಹೀರುಶಕ್ತಿ. ಸೆಕೆಂಡಿಗೆ 20 ಲೀಟರ್ ಗಾಳಿ 5 ಕಿಲೋಪಾಸ್ಕಲ್ ಒತ್ತಡದಲ್ಲಿ ಹರಿದರೆ ಹೀರುಶಕ್ತಿ 100 ವ್ಯಾಟ್. ಅಷ್ಟನ್ನು ಒಂದು ಯಂತ್ರ 500 ವ್ಯಾಟ್ ನುಂಗಿ ಕೊಡಬಹುದು, ಇನ್ನೊಂದಕ್ಕೆ 1,200 ಬೇಕಾಗಬಹುದು.

ಯುರೋಪಿನ ಒಕ್ಕೂಟ ನುಂಗುವ ವ್ಯಾಟಿಗೆ ಕಾನೂನಿನ ಮಿತಿ ಹಾಕಿತು. 2014ರ ಸೆಪ್ಟೆಂಬರಿನಿಂದ 1,600 ವ್ಯಾಟಿಗಿಂತ, 2017ರ ಸೆಪ್ಟೆಂಬರಿನಿಂದ 900 ವ್ಯಾಟಿಗಿಂತ ಹೆಚ್ಚು ನುಂಗುವ ಮನೆ ಯಂತ್ರಗಳನ್ನು ಅಲ್ಲಿ ಮಾರುಕಟ್ಟೆಗೆ ತರುವಂತಿಲ್ಲ. ಜೊತೆಗೆ ಸದ್ದು 80 ಡೆಸಿಬೆಲ್ ಮೀರಬಾರದು, ಗಟ್ಟಿ ನೆಲದ ಸಂದಿಯಿಂದ ಧೂಳನ್ನು ಶೇಕಡ 98ರಷ್ಟಾದರೂ ಎತ್ತಬೇಕು, ಹೀರಿದ್ದರಲ್ಲಿ ಹೊರಗೆ ಉಗುಳುವುದು ಶೇಕಡ 1ನ್ನು ದಾಟಬಾರದು, ಮೋಟರು ಕನಿಷ್ಠ 500 ಗಂಟೆ ಬಾಳಬೇಕು. ದಿನಕ್ಕೆ ಕಾಲು ಗಂಟೆ ನಡೆಸಿದರೆ 500 ಗಂಟೆ ಎಂದರೆ ಐದೂವರೆ ವರ್ಷ. ಇದೇ ಯಂತ್ರಗಳ ಮೇಲೆ ಅಂಟಿಸುತ್ತಿದ್ದ ವಿದ್ಯುತ್ ದರ್ಜೆಯ ಚೀಟಿಯನ್ನು 2018ರ ನವೆಂಬರಿನಲ್ಲಿ ಅಲ್ಲಿನ ನ್ಯಾಯಾಲಯ ರದ್ದು ಮಾಡಿತು. ಮೊಕದ್ದಮೆ ಹೂಡಿದ್ದು ಡೈಸನ್ ಕಂಪನಿ. ಪರೀಕ್ಷೆ ನಡೆಸುತ್ತಿದ್ದುದು ಖಾಲಿ ಡಬ್ಬಿ, ಖಾಲಿ ಚೀಲ ಇಟ್ಟುಕೊಂಡು, ಮನೆಯಲ್ಲಿ ಯಂತ್ರ ನಡೆಯುವುದಾದರೋ ಧೂಳು ತುಂಬಿಕೊಂಡು ಎಂಬುದು ಅದರ ವಾದವಾಗಿತ್ತು. ಆ ತೀರ್ಪಿನ ಹಿಂದಿನ ತತ್ತ್ವ ಧಾರಾವಿಗೂ ಸಲ್ಲುತ್ತದೆ. ಅಂಗಡಿಯಲ್ಲಿ ಹೊಸ ಯಂತ್ರವನ್ನು ನಡೆಸಿ ನೋಡಿ ಮೆಚ್ಚುವುದಕ್ಕಿಂತ ಡಬ್ಬಿ ಅರ್ಧ ತುಂಬಿದ ಮೇಲೆ ಅದೇ ನೆಲದ ಸಂದಿಯ ಮರಳನ್ನು ಎತ್ತುತ್ತದೆಯೇ ಎಂದು ನೋಡಬೇಕು. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದ ಮರಳನ್ನು ಲಾದಿಯ (ನೆಲದ ಹಾಸುಬಿಲ್ಲೆಯ) ಮೇಲೆ ಹರಡಿ, ಹೀರಿಸಿ, ಡಬ್ಬಿಯ ತೂಕ ಎಷ್ಟು ಏರಿತು ಎಂದು ಲೆಕ್ಕ ಹಾಕಿದರೆ ಸಾಕು, ಪ್ರಯೋಗಶಾಲೆ ಬೇಕಿಲ್ಲ.

ಡಬ್ಬಿ ಖಾಲಿ ಮಾಡುವ ಹೊತ್ತು

ಚೀಲವಿಲ್ಲದ ಯಂತ್ರದ ದೊಡ್ಡ ದೌರ್ಬಲ್ಯ ಇಲ್ಲಿದೆ, ಜಾಹೀರಾತುಗಳು ಮೌನವಾಗಿರುವುದೂ ಇಲ್ಲೇ. ಕಾಗದದ ಚೀಲವಾದರೆ ಬಾಯಿ ಮುಚ್ಚಿ ಹಾಗೆಯೇ ಎಸೆಯಬಹುದು. ಡಬ್ಬಿಯನ್ನು ಗುಂಡಿ ಒತ್ತಿ ತೆರೆದಾಗ ತಳದ ಮುಚ್ಚಳ ಪಟ್ಟನೆ ಬಿಚ್ಚಿಕೊಳ್ಳುತ್ತದೆ, ಜುಂಗಿನ ಉಂಡೆ ದೊಪ್ಪನೆ ಬೀಳುತ್ತದೆ, ಅದರ ಜೊತೆಗಿದ್ದ ನಯವಾದ ಧೂಳು ಬೂದಿಯಂತೆ ಮೇಲೇಳುತ್ತದೆ. ಅಷ್ಟು ಹೊತ್ತು ಎಚ್ಚರದಿಂದ ಹಿಡಿದಿಟ್ಟದ್ದರಲ್ಲಿ ಅತಿ ಅಪಾಯದ ಪಾಲು ಖಾಲಿ ಮಾಡುವವರ ಮುಖಕ್ಕೇ ಬರುತ್ತದೆ. ಬಂಗಲೆಯಲ್ಲಿ ಇರುವವರು ಹಿತ್ತಲಿಗೆ ಹೋಗಿ ಕೊಡವಿ ಬರುತ್ತಾರೆ. ಧಾರಾವಿಯ ಗಲ್ಲಿ ಅನೇಕ ಕಡೆ ಇಬ್ಬರು ಎದುರುಬದುರಾದರೆ ಒಬ್ಬರು ಗೋಡೆಗೆ ಒರಗಬೇಕಾದಷ್ಟು ಕಿರಿದು. ಹೊಸಿಲಾಚೆ ಕೊಡವಿದ್ದು ಎದುರುಮನೆಯ ಒಲೆಯ ಮೇಲೆ ಬೀಳುತ್ತದೆ, ಇಲ್ಲವೇ ಗಟಾರಕ್ಕೆ.

ಆದ್ದರಿಂದ ಇಲ್ಲಿಯ ಮಟ್ಟಿಗೆ ಯಂತ್ರದ ಪರೀಕ್ಷೆ ಶುರುವಾಗಬೇಕಾದ್ದು ಡಬ್ಬಿಯಿಂದ. ಡಬ್ಬಿಯನ್ನು ಯಂತ್ರದಿಂದ ಪೂರ್ತಿ ಬೇರ್ಪಡಿಸಬಹುದೇ, ಅದರ ಬಾಯಿ ಕಸದ ಪೊಟ್ಟಣದೊಳಗೆ ಇಳಿಯುವಷ್ಟು ಚಿಕ್ಕದೇ, ಜುಂಗು ಜಾಲರಿಗೆ ಸುತ್ತಿಕೊಂಡು ಕೈ ಹಾಕಿ ಕೀಳಬೇಕಾಗುತ್ತದೆಯೇ, ಡಬ್ಬಿಯನ್ನು ನೀರಿನಲ್ಲಿ ತೊಳೆಯಬಹುದೇ, ಇವಿಷ್ಟನ್ನು ಅಂಗಡಿಯಲ್ಲೇ ಬಿಚ್ಚಿ ಜೋಡಿಸಿ ನೋಡಬೇಕು. ಮನೆಯಲ್ಲಿ ಮಾಡಬೇಕಾದ್ದು ಇಷ್ಟು. ಮೋರಿಯಲ್ಲಿ (ಮನೆಯೊಳಗಿನ ಬಚ್ಚಲ ಮೂಲೆಯಲ್ಲಿ) ಹಳೆಯ ಪತ್ರಿಕೆಯನ್ನು ಎರಡು ಮೂರು ಪದರವಾಗಿ ಹಾಸಿ ಚೆನ್ನಾಗಿ ಒದ್ದೆ ಮಾಡುವುದು. ಡಬ್ಬಿಯ ಬಾಯನ್ನು ಕಾಗದಕ್ಕೆ ತಾಗಿಸಿ, ಸುತ್ತ ಕಾಗದವನ್ನು ಮೇಲೆತ್ತಿ ಹಿಡಿದು, ನಿಧಾನಕ್ಕೆ ತೆರೆಯುವುದು. ಒಂದು ನಿಮಿಷ ಹಾಗೇ ಬಿಟ್ಟು, ಪೊಟ್ಟಣ ಕಟ್ಟಿ ಒಣಕಸದ ಜೊತೆಗಲ್ಲದೆ ಬೇರೆಯಾಗಿ ಕೊಡುವುದು. ಮೂಗಿಗೆ ಮಾಸ್ಕ್ ಇರಲಿ. ಕೋವಿಡ್ ಕಾಲದಲ್ಲಿ ಧಾರಾವಿಯ ಮನೆಮನೆಗೂ ಅದರ ರೂಢಿಯಾಗಿದೆ.

ಮನೆಯಲ್ಲಿ ಆಸ್ತಮಾದವರಿದ್ದರೆ ಡಬ್ಬಿ ಖಾಲಿ ಮಾಡುವ ಕೆಲಸ ಅವರದಾಗಬಾರದು. ಬೇರೆ ಯಾರೂ ಇಲ್ಲದ ಮನೆಗೆ ಚೀಲದ ಯಂತ್ರವೇ ಒಳ್ಳೆಯದು ಎಂದು ಸ್ಪಷ್ಟವಾಗಿ ಹೇಳಬೇಕು, ಚೀಲದ ಖರ್ಚು ಮತ್ತೆ ಮತ್ತೆ ಬಂದರೂ ಸರಿ. ಬಣ್ಣದ ಡಬ್ಬ ಕೆರೆಯುವ, ಹಳೆ ಬ್ಯಾಟರಿ ಒಡೆಯುವ ಜಾಗಗಳ ಹತ್ತಿರದ ಮನೆಗಳಲ್ಲಿ ಧೂಳಿನಲ್ಲಿ ಸೀಸ ಇರಬಹುದು. ಸೀಸದ ಧೂಳಿಗೆ ಹೆಪಾ ಇಲ್ಲದ ಯಂತ್ರವನ್ನು ಬಳಸಬಾರದು, ಏಕೆಂದರೆ ಅದು ಅತಿ ನಯವಾದ ಭಾಗವನ್ನು ಮಕ್ಕಳು ಉಸಿರಾಡುವ ಎತ್ತರಕ್ಕೆ ಊದುತ್ತದೆ. ಅಲ್ಲಿ ಒದ್ದೆ ಬಟ್ಟೆಯಲ್ಲಿ ಒರೆಸುವುದೇ ಮೊದಲ ಉಪಾಯ.

ಬ್ರಷ್ ಉರುಳೆ ಮತ್ತು ದಾರ

ನಿಲುವು ಯಂತ್ರದ ಹೀರುಬಾಯಿಯೊಳಗೆ ಗರಗರ ತಿರುಗುವ ಬ್ರಷ್ ಉರುಳೆ ಇರುತ್ತದೆ. ಗಂಬಳಿಯ ಎಳೆಗಳನ್ನು ಬಡಿದು ಒಳಗಿನ ಮಣ್ಣನ್ನು ಎಬ್ಬಿಸುವುದು ಅದರ ಕೆಲಸ. ಲಾದಿಯ ನೆಲದ ಮೇಲೆ ಗಟ್ಟಿ ಬಿರುಗೂದಲಿನ ಉರುಳೆ ಅಕ್ಕಿಕಾಳು, ಮರಳನ್ನು ಹೀರುವ ಬದಲು ಹಿಂದಕ್ಕೆ ಚಿಮ್ಮಿಸುತ್ತದೆ. ಮೆತ್ತನೆಯ ಬಟ್ಟೆ ಹೊದಿಸಿದ ಉರುಳೆ, ಅಥವಾ ಉರುಳೆಯನ್ನು ನಿಲ್ಲಿಸುವ ಗುಂಡಿ ಇರುವ ಯಂತ್ರ ಇಲ್ಲಿಗೆ ಸೂಕ್ತ.

ಹೊಲಿಗೆ ನಡೆಯುವ ಮನೆಯಲ್ಲಿ ಉರುಳೆಗೆ ನಿಜವಾದ ಶತ್ರು ದಾರ. ಕತ್ತರಿಸಿ ಬಿಟ್ಟ ನೂಲಿನ ತುದಿಗಳೂ ಉದ್ದಕೂದಲೂ ಕೂಡಿಕೊಂಡು ಉರುಳೆಯ ಎರಡು ತುದಿಗಳಲ್ಲಿ ಬಿಗಿಯಾದ ಬಳೆಯಂತೆ ಸುತ್ತಿಕೊಳ್ಳುತ್ತವೆ, ಅಲ್ಲಿಂದ ಬೇರಿಂಗಿನೊಳಗೆ ಇಳಿಯುತ್ತವೆ. ಉರುಳೆ ಬಿಗಿದಾಗ ಅದನ್ನು ತಿರುಗಿಸುವ ಪಟ್ಟಿ ಸುಟ್ಟ ರಬ್ಬರಿನ ವಾಸನೆ ಬಿಡುತ್ತದೆ, ಕೊನೆಗೆ ಕಡಿಯುತ್ತದೆ. ಉರುಳೆಯ ಉದ್ದಕ್ಕೂ ಒಂದು ಗೀರುಗುಳಿ ಇದ್ದರೆ ಹೊಲಿಗೆಯವರ ಬಳಿ ಹೇಗೂ ಇರುವ ಸಣ್ಣ ಕತ್ತರಿಯನ್ನು ಅದರಲ್ಲಿ ಓಡಿಸಿ ಸುತ್ತನ್ನು ಸೀಳಬಹುದು. ತುದಿಯ ಮುಚ್ಚಳವನ್ನು ನಾಣ್ಯದಿಂದ ತಿರುಗಿಸಿ ತೆಗೆಯುವಂತಿದ್ದರೆ ಇನ್ನೂ ಒಳ್ಳೆಯದು. ಸ್ಕ್ರೂ ಹಾಕಿ ಮುಚ್ಚಿದ ಉರುಳೆ ಹೊಲಿಗೆಮನೆಗೆ ಬೇಡ.

ಏಣಿ, ಪ್ಲಗ್ಗು, ಗೋಡೆ

ಆರೇಳು ಕಿಲೋ ತೂಗುವ ಪೂರ್ಣ ನಿಲುವು ಯಂತ್ರ ಧಾರಾವಿಗೆ ಹೊಂದುವುದಿಲ್ಲ. ಮೇಲಿನ ಖೋಲಿಗೆ ಹೋಗುವ ದಾರಿ ಹೆಚ್ಚಿನ ಕಡೆ ಗೋಡೆಗೆ ನೆಟ್ಟಗೆ ಆನಿಸಿದ ಕಬ್ಬಿಣದ ಏಣಿ. ಒಂದು ಕೈ ಅದಕ್ಕೆ ಕಟ್ಟಿದ ಹಗ್ಗಕ್ಕೇ ಮೀಸಲು. ಇನ್ನೊಂದು ಕೈಯಲ್ಲಿ ಎತ್ತಿಕೊಂಡು ಹತ್ತುವಷ್ಟು ಹಗುರವಿದ್ದರಷ್ಟೇ ಯಂತ್ರ ಮೇಲೆ ತಲುಪುತ್ತದೆ. ಮೋಟರು ಮತ್ತು ಡಬ್ಬಿಯ ಭಾಗ ಕೋಲಿನಿಂದ ಕಳಚಿ ಕೈಯಂತ್ರವಾಗುವಂತಿದ್ದರೆ ಪೋಟ್‌ಮಾಳ (ಅಟ್ಟ), ಕಪಾಟಿನ ತಲೆ, ಫ್ಯಾನಿನ ರೆಕ್ಕೆ, ಹೊಲಿಗೆ ಯಂತ್ರದ ಹೊಟ್ಟೆ ಎಲ್ಲವೂ ಎಟುಕುತ್ತವೆ. ಮಂಚದ ಕೆಳಗೆ ಟ್ರಂಕುಗಳ ನಡುವೆ ನುಗ್ಗಲು ಹೀರುಬಾಯಿಯ ಎತ್ತರ ಕಡಿಮೆ ಇರಬೇಕು. ಕೆಲಸ ಮುಗಿದ ಮೇಲೆ ಗೋಡೆಯ ಮೊಳೆಗೆ ನೇತುಹಾಕಲು ಬರಬೇಕು.

ಧಾರಾವಿಗೆ ಕರೆಂಟು ಕೊಡುವುದು ಬೆಸ್ಟ್ ಸಂಸ್ಥೆ. 800 ವ್ಯಾಟಿನ ಯಂತ್ರವನ್ನು ದಿನಕ್ಕೆ ಕಾಲು ಗಂಟೆ ನಡೆಸಿದರೆ ತಿಂಗಳಿಗೆ 6 ಯೂನಿಟ್, ಹೊರೆಯೇನಲ್ಲ. ಚಿಂತೆ ಇರುವುದು ವೈರಿಂಗಿನದು. ಫ್ರಿಜ್, ಮಿಕ್ಸರ್, ಹೊಲಿಗೆ ಮೋಟರು ಎಲ್ಲ ಒಂದೇ ಬೋರ್ಡಿಗೆ ತಗುಲಿಸಿದ ಮನೆಯಲ್ಲಿ ಹಗುರ ಎಕ್ಸ್‌ಟೆನ್ಷನ್ ವೈರಿಗೆ ಯಂತ್ರವನ್ನೂ ಸಿಕ್ಕಿಸಿದರೆ ವೈರು ಬಿಸಿಯಾಗುತ್ತದೆ. ಚೌಕದೊಳಗೊಂದು ಚೌಕದ ಗುರುತಿದ್ದರೆ ಯಂತ್ರಕ್ಕೆ ಇಮ್ಮಡಿ ನಿರೋಧಕ ಹೊದಿಕೆಯಿದೆ, ಅದು ಅರ್ತಿಂಗನ್ನು ನೆಚ್ಚಿಕೊಂಡಿಲ್ಲ ಎಂದರ್ಥ. ಅರ್ತಿಂಗ್ ಸಂದೇಹವಾದ ಮನೆಗೆ ಇಂಥದ್ದೇ ಬೇಕು. ಮೋರಿಯ ಒದ್ದೆನೆಲಕ್ಕೆ ಒಣಕಸದ ಯಂತ್ರವನ್ನು ಒಯ್ಯಲೇಬಾರದು. ಬ್ಯಾಟರಿ ಯಂತ್ರದಲ್ಲಿ ಈ ಭಯಗಳು ಕಡಿಮೆ. ಒಂದೇ ಕೋಣೆಯ ಮನೆಗೆ ಒಂದು ಚಾರ್ಜು ಧಾರಾಳವಾಗಿ ಸಾಕಾಗುತ್ತದೆ.

ಸದ್ದಿನ ಬಗ್ಗೆ ಒಂದು ಮಾತು. ತಗಡು ಅಥವಾ ಒಂದಿಟ್ಟಿಗೆ ದಪ್ಪದ ಗೋಡೆಯ ಆಚೆ ಇನ್ನೊಂದು ಸಂಸಾರವಿದೆ, ರಾತ್ರಿಪಾಳಿ ಮುಗಿಸಿ ಹಗಲು ಮಲಗಿದವರಿದ್ದಾರೆ. 80 ಡೆಸಿಬೆಲ್ಲಿನ ಯಂತ್ರ ಅವರನ್ನು ಎಬ್ಬಿಸುತ್ತದೆ. ಕಡಿಮೆ ವೇಗದ ಗುಂಡಿ ಇರುವ ಯಂತ್ರವನ್ನು ಆರಿಸುವುದು ನೆರೆಹೊರೆಯ ಮರ್ಯಾದೆ.

ಮಳೆಗಾಲದ ಫಿಲ್ಟರ್

ಸ್ಪಂಜಿನ ಫಿಲ್ಟರನ್ನು ತಿಂಗಳಿಗೊಮ್ಮೆ ತೊಳೆಯಿರಿ, 24 ಗಂಟೆ ಒಣಗಿಸಿ ಎಂದು ಕೈಪಿಡಿಗಳು ಹೇಳುತ್ತವೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಮುಂಬಯಿಯಲ್ಲಿ ಒಗೆದ ಬಟ್ಟೆಯೇ ಎರಡು ದಿನಕ್ಕೆ ಒಣಗುವುದಿಲ್ಲ. ಒದ್ದೆ ಫಿಲ್ಟರನ್ನು ಹಾಕಿ ನಡೆಸಿದರೆ ಧೂಳು ಅದರ ಮೇಲೆ ಕೆಸರಾಗಿ ಕಟ್ಟಿಕೊಳ್ಳುತ್ತದೆ, ಮೋಟರು ಬಿಸಿಯಾಗುತ್ತದೆ, ವಾರದೊಳಗೆ ಬೂಷ್ಟು ಹಿಡಿದು ಹೊರಬರುವ ಗಾಳಿಯೇ ನಾರುತ್ತದೆ. ಯಂತ್ರದ ಜೊತೆಗೇ ಇನ್ನೊಂದು ಜೊತೆ ಫಿಲ್ಟರ್ ಕೊಳ್ಳದಿದ್ದರೆ ಮಳೆಗಾಲದ ನಾಲ್ಕು ತಿಂಗಳು ಅದು ಮೂಲೆ ಹಿಡಿಯುತ್ತದೆ. ಬಿಡಿ ಫಿಲ್ಟರ್ ಸಿಗದ ಅಗ್ಗದ ಯಂತ್ರ ನಿಜಕ್ಕೂ ಅಗ್ಗವಲ್ಲ. ನಲ್ಲಿ ನೀರು ದಿನದ ಕೆಲ ಗಂಟೆ ಮಾತ್ರ ಬರುವಲ್ಲಿ ಒಂದು ಫಿಲ್ಟರ್ ತೊಳೆಯಲು ಬೇಕಾಗುವ ಬಕೆಟ್ ನೀರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಹೆಪಾ ಫಿಲ್ಟರುಗಳಲ್ಲಿ ಹಲವು ತೊಳೆಯುವಂಥವಲ್ಲ, ತೊಳೆದರೆ ಅವುಗಳ ಎಳೆಗಳು ಹಾಳಾಗುತ್ತವೆ.

ಕಸಬರಿಗೆಯ ಪಕ್ಕದಲ್ಲಿ

ಹುಲ್ಲಿನ ಫೂಲ್‌ಝಾಡು ಒಳಗೆ, ತೆಂಗಿನ ಕಡ್ಡಿಯ ಖರಾಟಾ ಹೊರಗೆ, ನಂತರ ಒದ್ದೆಬಟ್ಟೆ: ಮುಂಬಯಿಯ ಮನೆಗಳ ಕ್ರಮ ಇದು. ಲಾದಿಯ ನೆಲಕ್ಕೆ ಈ ಕ್ರಮವನ್ನು ಯಂತ್ರ ಪೂರ್ತಿ ಸೋಲಿಸುವುದಿಲ್ಲ. ಒಣಪೊರಕೆ ಧೂಳೆಬ್ಬಿಸುತ್ತದೆ ಎಂಬುದು ನಿಜ, ಆದರೆ ಒದ್ದೆಬಟ್ಟೆ ಏನನ್ನೂ ಎಬ್ಬಿಸುವುದಿಲ್ಲ, ಅದಕ್ಕೆ ಕರೆಂಟೂ ಬೇಡ. ಯಂತ್ರ ತನ್ನ ಬೆಲೆಯನ್ನು ದುಡಿದು ತೋರಿಸುವುದು ಬಟ್ಟೆಗೆ ಎಟುಕದ ಕಡೆ: ಗಾದಿ, ಕಿಟಕಿಯ ಜಾಲರಿ, ಫ್ಯಾನು, ಹೊಲಿಗೆ ಯಂತ್ರದ ಜುಂಗು. ಹೊಲಿಗೆ ಅಥವಾ ಜರಿ ಕೆಲಸದ ಮನೆಗೆ ಅದು ಕೆಲಸದ ಸಲಕರಣೆಯೇ ಆಗುತ್ತದೆ. ಬರೀ ವಾಸದ ಮನೆಗೆ, ಅದರಲ್ಲೂ ಸಾಲ ಮಾಡಿ ಕೊಳ್ಳಬೇಕಾದಲ್ಲಿ, ಹೊಸ ಗಾದಿ ಹೊದಿಕೆ ಮತ್ತು ಗಾಳಿ ಹೊರದಬ್ಬುವ ಫ್ಯಾನು ಮೊದಲು ಬರಲಿ ಎಂದೇ ಹೇಳಬೇಕಾಗುತ್ತದೆ.

ಬೂತ್‌ನ ಗಾಡಿಯಂತೆ ಒಂದು ಯಂತ್ರವನ್ನು ನಾಲ್ಕಾರು ಮನೆಗಳು ಹಂಚಿಕೊಳ್ಳುವುದು ಧಾರಾವಿಯಂಥ ಕಡೆ ಸಹಜವಾದ ಆಲೋಚನೆ. ಬೀಸಿ (ಚೀಟಿ) ಹಾಕಿ ಪಾತ್ರೆ, ಹೊಲಿಗೆ ಯಂತ್ರ ಕೊಳ್ಳುವ ಹೆಂಗಸರಿಗೆ ಇದು ಕಷ್ಟವಲ್ಲ. ಅಡ್ಡಿ ಬರುವುದು ತಿಗಣೆ. ಒಂದು ಮನೆಯ ಗಾದಿಯಿಂದ ಹೀರಿದ ತಿಗಣೆ ಡಬ್ಬಿಯಲ್ಲಿ ಸಾಯದೆ ಮುಂದಿನ ಮನೆಗೆ ಹೋಗುತ್ತದೆ. ಪ್ರತಿ ಮನೆಯಲ್ಲೂ ಕೆಲಸ ಮುಗಿದ ತಕ್ಷಣ ಡಬ್ಬಿಯನ್ನು ಅಲ್ಲೇ ಖಾಲಿ ಮಾಡಿ, ಪೊಟ್ಟಣವನ್ನು ಬಿಗಿಯಾಗಿ ಕಟ್ಟಿ, ಹೀರುಬಾಯನ್ನು ಬಿಸಿನೀರಿನಲ್ಲಿ ತೊಳೆದು ಕೊಡುವ ಕಟ್ಟುನಿಟ್ಟು ಇದ್ದರಷ್ಟೇ ಹಂಚಿಕೆ ಸರಿ.

ಧಾರಾವಿ ಮರುಅಭಿವೃದ್ಧಿ ಯೋಜನೆಯಲ್ಲಿ ಅರ್ಹ ಕುಟುಂಬಗಳಿಗೆ 350 ಚದರಡಿಯ ಮನೆ ಎಂಬ ಭರವಸೆಯಿದೆ. ಅಂಥ ಮನೆಗೆ ಸ್ವಂತ ಶೌಚಾಲಯ, ಬೇರೆ ಅಡುಗೆಮನೆ, ಗಟ್ಟಿ ವೈರಿಂಗ್ ಬಂದರೆ ಮೇಲಿನ ಲೆಕ್ಕಗಳಲ್ಲಿ ಹಲವು ಬದಲಾಗುತ್ತವೆ. ಕಟ್ಟಡ ಕೆಲಸದ ವರ್ಷಗಳಲ್ಲಿ ಮಾತ್ರ ಸಿಮೆಂಟಿನ ಧೂಳು ಎಲ್ಲರ ಮನೆಗೂ ನುಗ್ಗುತ್ತದೆ. ಸಿಮೆಂಟು ಫಿಲ್ಟರನ್ನು ಬೇಗ ಕಟ್ಟಿಸುವ ಧೂಳು, ತೇವ ತಾಗಿದರೆ ಅದರಲ್ಲೇ ಗಟ್ಟಿಯಾಗುತ್ತದೆ.

ರಿಪೇರಿ ಮತ್ತು ಭಂಗಾರ್

ವೈರು ಹಚ್ಚುವ ಯಂತ್ರಗಳ ಮೋಟರಿನಲ್ಲಿ ಸಾಮಾನ್ಯವಾಗಿ ಮೊದಲು ಸವೆಯುವುದು ಕಾರ್ಬನ್ ಬ್ರಷ್. ಮಿಕ್ಸರ್ ರಿಪೇರಿ ಮಾಡುವ ಯಾವ ಅಂಗಡಿಯವರೂ ಅದನ್ನು ಬದಲಿಸಬಲ್ಲರು, ಮೋಟರು ಬಿಚ್ಚಲು ಬರುವಂತಿದ್ದರೆ. ಡಬ್ಬಿಯ ಕೊಂಡಿ ಮುರಿದರೆ, ರಬ್ಬರ್ ಪಟ್ಟಿ ಹರಿದರೆ ಅದೇ ಮಾದರಿಯ ಬಿಡಿಭಾಗವೇ ಬೇಕು. ಬ್ಯಾಟರಿ ಯಂತ್ರದಲ್ಲಿ ಬ್ಯಾಟರಿ ಹೊರಗೆ ತೆಗೆಯುವಂಥದ್ದೇ, ಬಿಡಿಯಾಗಿ ಸಿಗುತ್ತದೆಯೇ ಎಂದು ಕೇಳದೆ ಕೊಳ್ಳಬಾರದು. ಕೆಲ ವರ್ಷಗಳಲ್ಲಿ ಅದು ಸೋಲುವುದು ಖಂಡಿತ.

ಸತ್ತ ಯಂತ್ರದ ದಾರಿ ಮತ್ತೆ ಇಲ್ಲಿಗೇ ಬರುತ್ತದೆ. ಮುಂಬಯಿಯ ಮೂಲೆಮೂಲೆಯಿಂದ ತೇರಾ ಕಂಪೌಂಡಿಗೆ ಬರುವ ಪ್ಲಾಸ್ಟಿಕ್ಕನ್ನು ಕೆಲಸಗಾರರು ಬಣ್ಣ ನೋಡಿ, ಬಡಿದಾಗಿನ ಸದ್ದು ಕೇಳಿ, ಚೂರು ಸುಟ್ಟು ವಾಸನೆ ಹಿಡಿದು, ನೀರಿನಲ್ಲಿ ಮುಳುಗಿಸಿ ಬೇರ್ಪಡಿಸುತ್ತಾರೆ. ಪಾಲಿಪ್ರೊಪಿಲೀನ್ ತೇಲುತ್ತದೆ. ಯಂತ್ರದ ಹೊರಮೈಯ ಎಬಿಎಸ್ ಪ್ಲಾಸ್ಟಿಕ್ ಸಿಹಿನೀರಿನಲ್ಲಿ ಮುಳುಗಿ, ಉಪ್ಪು ಬೆರೆಸಿ ಗಟ್ಟಿ ಮಾಡಿದ ನೀರಿನಲ್ಲಿ ತೇಲುತ್ತದೆ. ಪಾರದರ್ಶಕ ಡಬ್ಬಿ ಪಾಲಿಕಾರ್ಬೊನೇಟಿನದಾದರೆ ಅದು ಅಷ್ಟು ಸುಲಭವಾಗಿ ತೇಲದು. ಮೋಟರಿನ ತಾಮ್ರಕ್ಕೆ ಬೇರೆ ಗಿರಾಕಿ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳು ಉಪಕರಣಗಳ ಪಟ್ಟಿಯನ್ನು 106ಕ್ಕೆ ಏರಿಸಿ, ತಯಾರಕರೇ ಹಳೆಯ ಸಾಮಾನಿನ ಮರುಬಳಕೆಯ ಹೊಣೆ ಹೊರಬೇಕೆಂದಿವೆ. ಆದರೂ ಬಹುಪಾಲು ಮನೆಗಳಿಂದ ಹಳೆಯ ಯಂತ್ರ ಹೋಗುವುದು ಗುಜರಿ ಕೊಳ್ಳುವ ಭಂಗಾರ್‌ವಾಲಾನ ಕೈಗಾಡಿಗೆ. ಕೊಡುವ ಮುನ್ನ ಡಬ್ಬಿಯನ್ನು ತೊಳೆದು, ಧೂಳು ತುಂಬಿದ ಫಿಲ್ಟರನ್ನು ತೆಗೆದು ಬೇರೆಯಾಗಿ ಕಟ್ಟಿ ಎಸೆಯಬೇಕು, ಇಲ್ಲವಾದರೆ ಐದು ವರ್ಷದ ಧೂಳು ಅದನ್ನು ಒಡೆಯುವವನ ಎದೆಗೆ ಇಳಿಯುತ್ತದೆ. ಲಿಥಿಯಂ ಬ್ಯಾಟರಿಯನ್ನು ಯಂತ್ರದೊಳಗೇ ಬಿಟ್ಟು ಕೊಡಬಾರದು, ಪುಡಿ ಮಾಡುವ ಗಿರಣಿಯಲ್ಲಿ ಅದು ಸೀಳಿದರೆ ಬೆಂಕಿ ಹತ್ತುತ್ತದೆ.